‘ಮನೆಯಲ್ಲಿ ಕೇಳಬೇಕು’ ಎಂದವನು ಗಂಡಸಲ್ಲವೇ? ದುಬಾರಿ ‘ಪುರುಷತ್ವ’ ಶಿಬಿರಗಳ ಮಾರಾಟ ತಂತ್ರ

ನಡುರಾತ್ರಿಯ ಕೆಸರಿನಲ್ಲಿ ನಡುವಯಸ್ಸಿನ ಗಂಡಸರು ತೆವಳುತ್ತಾರೆ. ಹೆಗಲ ಮೇಲೆ ಮರದ ದಿಮ್ಮಿ, ಮುಖಕ್ಕೆ ಪೈಪಿನಿಂದ ಹಾಯುವ ತಣ್ಣೀರು, ಕಿವಿಯ ಹತ್ತಿರ ಕಪ್ಪು ಟೀ ಶರ್ಟ್ ತೊಟ್ಟವನೊಬ್ಬನ ಬೈಗುಳ. ಒಬ್ಬ ಕುಸಿದು ಅಳುತ್ತಾನೆ, ಇನ್ನೊಬ್ಬ ಅವನನ್ನು ತಬ್ಬಿಕೊಳ್ಳುತ್ತಾನೆ. ಕೊನೆಯಲ್ಲಿ ಒಂದು ಸಾಲು: ‘ಏಳು ಸೀಟು ಮಾತ್ರ ಉಳಿದಿವೆ’. ‘ನಿಜವಾದ ಗಂಡಸನ್ನಾಗಿ’ ಮಾಡುತ್ತೇವೆ ಎನ್ನುವ ಶಿಬಿರಗಳ ಜಾಹೀರಾತಾಗಿ ಅಮೆರಿಕದಲ್ಲಿ ಹುಟ್ಟಿದ ಈ ಬಗೆಯ ವಿಡಿಯೊಗಳು ಈಗ ಗೋಕಾಕ, ಮುಧೋಳ, ಇಂಡಿ ಪಟ್ಟಣಗಳ ಹುಡುಗರ ಮೊಬೈಲಿಗೂ ಬರುತ್ತಿವೆ. ಕ್ಯಾಲಿಫೋರ್ನಿಯಾದಲ್ಲಿ ಇಂಥದೊಂದು ಶಿಬಿರದ ಶುಲ್ಕ 75 ಗಂಟೆಗೆ 18,000 ಡಾಲರ್ ಇತ್ತು, ಅಂದರೆ 15 ಲಕ್ಷ ರೂಪಾಯಿಗೂ ಹೆಚ್ಚು. ನಮ್ಮ ಕಡೆಗೆ ಬರುವಾಗ ಅದು 99 ರೂಪಾಯಿಯ ಆನ್‌ಲೈನ್ ಕಾರ್ಯಾಗಾರವಾಗಿ ಬರುತ್ತದೆ. ಅಲ್ಲಿಂದ ವಾರಾಂತ್ಯದ ಶಿಬಿರಕ್ಕೆ, ಅದರಿಂದ ವರ್ಷದ ಸದಸ್ಯತ್ವಕ್ಕೆ ಮೆಟ್ಟಿಲು ಹತ್ತಿಸಲಾಗುತ್ತದೆ. ಮೇಲಿನ ಮೆಟ್ಟಿಲಿನ ಬೆಲೆ ಕೆಳಗಿನವನಿಗೆ ಕಾಣದಂತೆ ನೋಡಿಕೊಳ್ಳಲಾಗುತ್ತದೆ.

ವ್ಯಾಯಾಮ ಬೇಕು, ಶಿಸ್ತು ಬೇಕು. ನಾಲ್ಕು ಜನ ಗಂಡಸರು ಒಟ್ಟಿಗೆ ಕುಳಿತು ಮನಸ್ಸು ಬಿಚ್ಚಿ ಹಗುರಾಗುವುದು ನಮ್ಮ ಕಾಲದ ದೊಡ್ಡ ಅಗತ್ಯವೇ ಆಗಿದೆ. ನನ್ನ ತಕರಾರು ಇದನ್ನು ಮಾರುವ ವಿಧಾನದ ಬಗ್ಗೆ. ಈ ವ್ಯಾಪಾರದಲ್ಲಿ ಸುಳ್ಳು ಅವಸರವಿದೆ, ಬಣ್ಣ ಹಚ್ಚಿದ ಅನುಭವ ಕಥನಗಳಿವೆ, ಎರವಲು ತಂದ ಸೈನಿಕ ವೇಷವಿದೆ. ಅವೆಲ್ಲದರ ಅಡಿಯಲ್ಲಿ ಒಂದು ತಂತ್ರವಿದೆ: ಪ್ರಶ್ನೆ ಕೇಳುವುದನ್ನೇ ದೌರ್ಬಲ್ಯದ ಗುರುತಾಗಿಸುವುದು. ಹಣ ಕೊಡುವ ಮೊದಲು ವಿಚಾರಿಸಿದರೆ ನೀನು ಗಂಡಸಲ್ಲ, ಕೊಟ್ಟ ಮೇಲೆ ದೂರಿದರೆ ಆಗಲೂ ಗಂಡಸಲ್ಲ. ಗ್ರಾಹಕನ ಬಾಯಿಯನ್ನು ಎರಡೂ ಕಡೆಯಿಂದ ಹೊಲಿದುಬಿಡುವ ಇಂಥ ಏರ್ಪಾಡು ಬೇರೆ ವ್ಯಾಪಾರಗಳಲ್ಲಿ ಅಪರೂಪ.

ಈ ಮಾತು ನಮ್ಮ ಮೂರು ಜಿಲ್ಲೆಗಳಲ್ಲಿ ಏಕೆ ನಾಟುತ್ತದೆ ಎಂಬುದನ್ನು ಮೊದಲು ನೋಡಬೇಕು. ಬೆಳಗಿನ ಐದಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳ ರಸ್ತೆಗಿಳಿದರೆ ಓಡುವ ಹುಡುಗರು ಸಿಗುತ್ತಾರೆ. ಸೇನಾ ಭರ್ತಿಯ 1.6 ಕಿಲೋಮೀಟರ್ ಓಟಕ್ಕಾಗಿ ವರ್ಷಗಟ್ಟಲೆ ಬೆವರು ಹರಿಸಿದವರು ಇವರು. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸೇವೆ ನಾಲ್ಕು ವರ್ಷಕ್ಕೆ ಇಳಿಯಿತು. ಆ ಬಳಿಕ ಕಾಯಂ ಆಗಿ ಉಳಿಯುವುದು ಗರಿಷ್ಠ ಶೇ 25ರಷ್ಟು ಮಂದಿ. ವಯಸ್ಸು ಮೀರಿದವನು ಊರಿನಲ್ಲಿ ಉಳಿಯುತ್ತಾನೆ. ಅಣ್ಣತಮ್ಮಂದಿರ ಪಾಲಾಗಿ ಉಳಿದ ಎರಡು–ಮೂರು ಎಕರೆಯಲ್ಲಿ ಕಬ್ಬು ಬೆಳೆದರೂ ಕಾರ್ಖಾನೆಯ ಬಿಲ್ಲು ಯಾವಾಗ ಬರುತ್ತದೋ ಹೇಳಲಾಗದು. ಹೊಲ ಇದ್ದರೂ ನೌಕರಿ ಇಲ್ಲದವನಿಗೆ ಹೆಣ್ಣು ಕೊಡುವವರಿಲ್ಲ ಎಂಬ ಮಾತನ್ನು ಮದುವೆ ಮನೆಗಳಲ್ಲಿ ಎಲ್ಲರೂ ಕೇಳಿದ್ದೇವೆ. ನೆಂಟರೆದುರು ತಲೆತಗ್ಗಿಸಿ ಕುಳಿತ ಆ ಹುಡುಗನ ನೋವು ನೂರಕ್ಕೆ ನೂರು ನಿಜ.

ಜಾಹೀರಾತು ಈ ನಿಜವಾದ ನೋವನ್ನು ಗುರುತಿಸುತ್ತದೆ, ಕಾರಣವನ್ನು ಮಾತ್ರ ಬದಲಿಸುತ್ತದೆ. ನೌಕರಿ ಇಲ್ಲದ್ದು, ಬೆಳೆಗೆ ಬೆಲೆ ಇಲ್ಲದ್ದು, ನೀರಾವರಿ ಇಲ್ಲದ್ದು ಎಲ್ಲ ಬದಿಗೆ ಸರಿಯುತ್ತವೆ. ‘ನೀನು ಮೆತ್ತಗಾಗಿದ್ದೀಯ, ಅದಕ್ಕೇ ಹೀಗಾಗಿದೆ’ ಎಂಬ ಒಂದೇ ಉತ್ತರ ಉಳಿಯುತ್ತದೆ. ಹೊರಗಿನ ಸಮಸ್ಯೆಗೆ ಯಾರೂ ಶುಲ್ಕ ಹಾಕಲಾರರು, ಒಳಗಿನ ಕೊರತೆಗೆ ಹಾಕಬಹುದು. ಆದ್ದರಿಂದಲೇ ಕೊರತೆಯನ್ನು ಒಳಕ್ಕೆ ತಳ್ಳಲಾಗುತ್ತದೆ.

ಇದು ಹೊಸ ವ್ಯಾಪಾರವೂ ಅಲ್ಲ. ರೈಲು ಹಳಿಯ ಪಕ್ಕದ ಗೋಡೆಗಳಲ್ಲಿ, ಬಸ್ ನಿಲ್ದಾಣದ ಹಿಂಬದಿಯಲ್ಲಿ ‘ಗುಪ್ತ ರೋಗ’, ‘ಪುರುಷ ದೌರ್ಬಲ್ಯ’ ಎಂದು ಬರೆಸಿದ್ದವರೂ ಇದನ್ನೇ ಮಾರುತ್ತಿದ್ದರು: ಸಹಜವಾದ ದೇಹವನ್ನು ರೋಗವೆಂದು ನಂಬಿಸಿ, ಯಾರಿಗೂ ಹೇಳಬೇಡ ಎಂದು ಪಿಸುಗುಟ್ಟಿ, ಪುಡಿಯ ಪೊಟ್ಟಣ ಕೊಡುವುದು. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿಯ ಜಾಹೀರಾತನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಇಂದಿನ ಶಿಬಿರ ಔಷಧಿಯನ್ನು ಕೊಡುವುದಿಲ್ಲ, ರೋಗದ ಹೆಸರು ಹೇಳುವುದಿಲ್ಲ. ‘ಮನೋಬಲ’, ‘ಯೋಧನ ಮನಸ್ಸು’, ‘ನಾಯಕತ್ವ’ ಎನ್ನುತ್ತದೆ. ಹೀಗಾಗಿ ಆ ಕಾಯ್ದೆಯ ಬಲೆಗೆ ಬೀಳುವುದಿಲ್ಲ, ನಾಚಿಕೆಯ ಬಂಡವಾಳವನ್ನು ಮಾತ್ರ ಹಾಗೇ ಉಳಿಸಿಕೊಂಡಿದೆ.

ಆ ವಿಡಿಯೊಗಳನ್ನು ನೋಡಿ ಬಹಳ ಜನ ನಗುತ್ತಾರೆ, ಹಣ ಕೊಟ್ಟು ಒದೆಸಿಕೊಳ್ಳುವವರು ಇವರು ಎಂದು ಗೆಳೆಯರಿಗೆ ಕಳಿಸುತ್ತಾರೆ. ನಗುವವನೂ ಇಲ್ಲಿ ಪುಕ್ಕಟೆ ಪ್ರಚಾರಕ. ಸಾವಿರ ಮಂದಿ ನಕ್ಕು ಹಂಚಿಕೊಂಡ ವಿಡಿಯೊ, ನಗಲಾರದ ಒಬ್ಬನನ್ನು ತಲುಪಿದರೆ ಮಾರಾಟಗಾರನ ಕೆಲಸ ಆಯಿತು. ಕಿಕ್‌ಬಾಕ್ಸಿಂಗ್ ಬಿಟ್ಟು ಆನ್‌ಲೈನ್‌ನಲ್ಲಿ ‘ಗಂಡಸುತನ’ದ ಪಾಠ ಮಾರಲು ಇಳಿದ ಆಂಡ್ರೂ ಟೇಟ್ ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದ. 2021ರಲ್ಲಿ ಅವನು ತೆರೆದ ಆನ್‌ಲೈನ್ ‘ವಿಶ್ವವಿದ್ಯಾಲಯ’ದ ಮಾಸಿಕ ಶುಲ್ಕ ಸುಮಾರು 50 ಡಾಲರ್. ಸೇರಿದವರು ಅವನ ಕೆರಳಿಸುವ ಮಾತುಗಳ ತುಣುಕುಗಳನ್ನು ಕತ್ತರಿಸಿ ಎಲ್ಲೆಡೆ ಹಾಕಿ, ಅದರಿಂದ ಹೊಸಬರು ಸೇರಿದರೆ ಕಮಿಷನ್ ಪಡೆಯಬಹುದಿತ್ತು. ಸಿಟ್ಟಿಗೆದ್ದು ಬೈದವರೂ ಆ ತುಣುಕುಗಳನ್ನು ಹರಡಿದರು. 2022ರ ಆಗಸ್ಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್ ಅವನನ್ನು ಹೊರಹಾಕುವ ಹೊತ್ತಿಗೆ ಅವನ ಹೆಸರು ಶಾಲಾ ಮಕ್ಕಳ ಬಾಯಲ್ಲೂ ಇತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರುಮೇನಿಯಾ ಪೊಲೀಸರು ಅವನನ್ನು ಬಂಧಿಸಿದರು. ಅವನ ಮಾರಾಟದ ಮಾದರಿ ಮಾತ್ರ ಬೇರೆಯವರ ಕೈಗೆ ದಾಟಿ ಬದುಕಿಕೊಂಡಿದೆ.

ವಿಡಿಯೊ ಬರೀ ಗಾಳ. ಹಣ ಹುಟ್ಟುವುದು ಫೋನಿನಲ್ಲಿ.

ಜಮಖಂಡಿ ಕಡೆಯ, ಮೂವತ್ತೆರಡು ವಯಸ್ಸಿನ, ಮದುವೆಯಾದ ಒಬ್ಬನನ್ನು ಊಹಿಸಿಕೊಳ್ಳಿ. ಸಣ್ಣ ಅಂಗಡಿ ಇದೆ, ಸಾಲವೂ ಇದೆ. ರಾತ್ರಿ ನಿದ್ದೆ ಬಾರದೆ ಮೊಬೈಲ್ ನೋಡುತ್ತಾ ಒಂದು ಅರ್ಜಿ ತುಂಬಿದ. ಅರ್ಜಿ ಎಂಬುದೇ ಮೊದಲ ಮೋಸ. ಕೊಳ್ಳುವವನು ತಾನೇ ಪರೀಕ್ಷೆಗೆ ಕುಳಿತಂತೆ, ಆಯ್ಕೆಯಾಗಬೇಕಾದವನಂತೆ ನಡೆದುಕೊಳ್ಳತೊಡಗುತ್ತಾನೆ. ಮರುದಿನ ಕರೆ ಬರುತ್ತದೆ. ಮಾತಾಡುವವನು ತನ್ನನ್ನು ಮಾರ್ಗದರ್ಶಕ ಎನ್ನುತ್ತಾನೆ, ಅವನ ಸಂಬಳ ಬರುವುದು ಕಮಿಷನ್ನಿನಿಂದ. ಅವನ ಮುಂದೆ ಬರೆದಿಟ್ಟ ಪ್ರಶ್ನೆಗಳಿವೆ. ನಿಮ್ಮ ಜೀವನದಲ್ಲಿ ಯಾವುದು ಸರಿಯಿಲ್ಲ? ಎಷ್ಟು ವರ್ಷದಿಂದ? ಹೆಂಡತಿ ನಿಮ್ಮನ್ನು ಗೌರವಿಸುತ್ತಾರೆಯೇ? ಮಗ ನಿಮ್ಮಂತೆಯೇ ಆದರೆ ನಿಮಗೆ ಸಮ್ಮತವೇ? ಪ್ರತಿ ಉತ್ತರದ ಬಳಿಕ ಬೇಕೆಂದೇ ಒಂದಿಷ್ಟು ಮೌನ. ಯಾರ ಬಳಿಯೂ ಹೇಳದ ಮಾತನ್ನು ಅಪರಿಚಿತನ ಬಳಿ ಹೇಳಿಕೊಂಡವನ ಗಂಟಲು ಕಟ್ಟುತ್ತದೆ. ಅರ್ಧ ಗಂಟೆಯಾದ ಮೇಲೆ, ಗಾಯ ಪೂರ್ತಿ ತೆರೆದುಕೊಂಡಾಗ, ಬೆಲೆಯನ್ನು ಹೇಳಲಾಗುತ್ತದೆ. ಮೊದಲು ಮೂರು ಲಕ್ಷ, ಆಮೇಲೆ ‘ನಿಮ್ಮ ಕಥೆ ಕೇಳಿ ನನಗೆ ಅನಿಸಿತು’ ಎನ್ನುತ್ತಾ ಒಂದೂಕಾಲು ಲಕ್ಷ, ಇವತ್ತು ಮಾತ್ರ.

ನಮ್ಮವನು ಸಹಜವಾಗಿ ಹೇಳುತ್ತಾನೆ: ಮನೆಯಲ್ಲಿ ಒಂದು ಮಾತು ಕೇಳಬೇಕು.

ಬರೆದಿಟ್ಟ ಮಾತುಗಳಲ್ಲಿ ಅತ್ಯಂತ ಹರಿತವಾದದ್ದು ಇಲ್ಲಿಗಾಗಿಯೇ ಕಾದಿರುತ್ತದೆ. ‘ನೋಡಿ, ಇದೇ ನಿಮ್ಮ ಸಮಸ್ಯೆ. ಒಂದು ನಿರ್ಧಾರಕ್ಕೂ ಹೆಂಡತಿಯ ಅಪ್ಪಣೆ ಬೇಕು. ನಿಜವಾದ ಗಂಡಸು ಮೊದಲು ನಿರ್ಧರಿಸುತ್ತಾನೆ, ಆಮೇಲೆ ಮನೆಗೆ ತಿಳಿಸುತ್ತಾನೆ.’ ದುಬಾರಿ ವಸ್ತು ಮಾರುವ ದಲ್ಲಾಳಿಗಳಿಗೆ ಮನೆಯವರನ್ನು ಕೇಳುತ್ತೇನೆ ಎನ್ನುವುದು ಬಹಳ ಹಳೆಯ ಅಡ್ಡಿ. ಬೇರೆ ಮಾರಾಟಗಾರ ಅದನ್ನು ನಯವಾಗಿ ದಾಟಲು ನೋಡುತ್ತಾನೆ. ಪುರುಷತ್ವದ ವ್ಯಾಪಾರಿ ಅದನ್ನೇ ತನ್ನ ಸರಕಿನ ಅಗತ್ಯಕ್ಕೆ ಪುರಾವೆ ಮಾಡಿಕೊಳ್ಳುತ್ತಾನೆ. ಕೇಳಿದ್ದರಿಂದಲೇ ನಿನಗೆ ಶಿಬಿರ ಬೇಕು ಎಂಬ ತರ್ಕಕ್ಕೆ ಆ ಹೊತ್ತಿನಲ್ಲಿ, ಆ ಮನಸ್ಥಿತಿಯಲ್ಲಿ ಉತ್ತರ ಹೊಳೆಯುವುದಿಲ್ಲ.

ಆದರೆ ಯೋಚಿಸಿ. ಬೋರ್‌ವೆಲ್ ಕೊರೆಸುವುದಿರಲಿ, ಎಮ್ಮೆ ಮಾರುವುದಿರಲಿ, ಸೊಸೈಟಿಯಲ್ಲಿ ಸಾಲ ಎತ್ತುವುದಿರಲಿ, ನಮ್ಮ ಮನೆಗಳಲ್ಲಿ ಮಾತುಕತೆ ಇಲ್ಲದೆ ಆಗುವುದಿಲ್ಲ. ಅವ್ವನಿಗೆ ಹಳೆಯ ಸಾಲದ ನೆನಪಿದೆ, ಹೆಂಡತಿಗೆ ಮಕ್ಕಳ ಶುಲ್ಕದ ಲೆಕ್ಕ ಗೊತ್ತಿದೆ, ಕಾಕಾ ಇಂಥದೇ ಒಂದು ಚಿಟ್ ಫಂಡಿನಲ್ಲಿ ಕೈ ಸುಟ್ಟುಕೊಂಡಿದ್ದಾನೆ. ಕುಟುಂಬ ಉಳಿದುಕೊಂಡು ಬಂದಿರುವುದು ಈ ಹಲವು ನೆನಪುಗಳ ಬಲದಿಂದ. ಮನೆಯ ಪಡಸಾಲೆಯಲ್ಲಿ ಹತ್ತು ನಿಮಿಷ ಚರ್ಚೆಯಾದರೆ ಈ ಮಾರಾಟ ಮುಗಿಯಿತು ಎಂಬುದು ಕರೆ ಮಾಡಿದವನಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಆ ಹತ್ತು ನಿಮಿಷವನ್ನು ತಪ್ಪಿಸುವುದರಲ್ಲೇ ಅವನ ಜಾಣತನವೆಲ್ಲ ಖರ್ಚಾಗುತ್ತದೆ.

ಹೆಂಗಸಿನ ಮಾತು ಕೇಳುವುದು ಹೇಡಿತನ ಎಂಬ ಪಾಠವನ್ನು ಈ ನೆಲದಲ್ಲಿ ನಿಂತು ಒಪ್ಪಿಕೊಳ್ಳುವುದು ನನಗಂತೂ ನೋವಿನ ಸಂಗತಿ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಮೇಲೆ ಬಂದ ಥ್ಯಾಕರೆಯ ಸೇನೆಯ ಎದುರು ನಿಂತದ್ದು ರಾಣಿ ಚನ್ನಮ್ಮನ ಪಡೆ. 1831ರ ಜನವರಿಯಲ್ಲಿ ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣ ಆ ರಾಣಿಯ ಆಜ್ಞೆಯನ್ನು ಪಾಲಿಸಿದವನು. ಬೈಲಹೊಂಗಲದ ಪಕ್ಕದ ಬೆಳವಡಿಯಲ್ಲಿ ಮಲ್ಲಮ್ಮನ ಹೆಸರನ್ನು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಹಾಗಿದ್ದೂ ‘ಬಳೆ ತೊಟ್ಟುಕೋ’ ಎಂಬ ಬೈಗುಳ ನಮ್ಮ ನಡುವೆ ಚಲಾವಣೆಯಲ್ಲಿದೆ. ಈ ಜಾಹೀರಾತುಗಳು ಬೆಳೆಯುತ್ತಿರುವುದು ನಾವೇ ಉಳಿಸಿಕೊಂಡ ಆ ಬೈಗುಳದ ಮೇಲೆ.

ಕೈಯಲ್ಲಿ ಹಣವಿಲ್ಲ ಎಂದರೆ ಕರೆಯಲ್ಲೇ ಕಂತಿನ ಸಾಲದ ಕೊಂಡಿ ಬರುತ್ತದೆ. ಆಧಾರ್, ಒಟಿಪಿ, ಮುಗಿಯಿತು. ಸಾಲ ಕೊಟ್ಟ ಸಂಸ್ಥೆ ಬೇರೆ, ಶಿಬಿರ ನಡೆಸುವವರು ಬೇರೆ. ಶಿಬಿರ ಇಷ್ಟವಾಗದೆ ನೀವು ಹಿಂದೆ ಸರಿದರೂ ಕಂತು ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳಲ್ಲಿ ಮರುಚಿಂತನೆಗೆ ಒಂದು ಕಿರು ಅವಧಿ ಇದೆ. ಆ ಅವಧಿಯೊಳಗೆ ಅಸಲನ್ನೂ ಅಷ್ಟು ದಿನದ ಬಡ್ಡಿಯನ್ನೂ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಆದರೆ ಅಸಲು ಅಷ್ಟರಲ್ಲಿ ಶಿಬಿರದವರ ಖಾತೆ ಸೇರಿರುತ್ತದೆ. ಆದ್ದರಿಂದ ಒಟಿಪಿ ಹೇಳುವ ಮೊದಲಿನ ಒಂದು ರಾತ್ರಿಯ ನಿದ್ದೆಗೆ ಬಹಳ ಬೆಲೆಯಿದೆ.

ಇನ್ನು ಸೈನಿಕ ವೇಷದ ವಿಚಾರ. ಬೆಳಗಾವಿಯವರಿಗೆ ನಿಜವಾದ ಸೈನಿಕ ತರಬೇತಿ ಅಪರಿಚಿತವಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಇಲ್ಲಿದೆ, ಕಮಾಂಡೊ ತರಬೇತಿ ನೀಡುವ ಜೂನಿಯರ್ ಲೀಡರ್ಸ್ ವಿಂಗ್ ಇಲ್ಲಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಅಲ್ಲಿ ತರಬೇತಿ ಪಡೆಯುವವನು ಹಣ ಕೊಡುವುದಿಲ್ಲ, ಸರ್ಕಾರವೇ ಅವನಿಗೆ ಸಂಬಳ ಕೊಡುತ್ತದೆ. ಸೇರುವ ಮುಂಚೆ ವೈದ್ಯಕೀಯ ಪರೀಕ್ಷೆ ಇರುತ್ತದೆ. ಗಾಯವಾದರೆ ಸೇನಾ ಆಸ್ಪತ್ರೆ ನೋಡಿಕೊಳ್ಳುತ್ತದೆ. ತರಬೇತುದಾರನಿಗೆ ಮೇಲಧಿಕಾರಿ ಇದ್ದಾನೆ, ಅವನು ಮಿತಿಮೀರಿದರೆ ವಿಚಾರಣೆ ಇದೆ. ದುಬಾರಿ ಶಿಬಿರಗಳು ಸೇನೆಯಿಂದ ಎತ್ತಿಕೊಂಡಿರುವುದು ಕೂಗಾಟವನ್ನು ಮಾತ್ರ. ಹೊಣೆಗಾರಿಕೆಯನ್ನು ಅಲ್ಲೇ ಬಿಟ್ಟು ಬಂದಿವೆ. ಹಲವರು ನಕಲು ಮಾಡುವ ಅಮೆರಿಕ ನೌಕಾಪಡೆಯ ‘ಸೀಲ್’ ಎಂಬ ವಿಶೇಷ ದಳದ ಆಯ್ಕೆಯ ‘ನರಕದ ವಾರ’ ಇರುವುದು ಕಠಿಣ ಕೆಲಸಕ್ಕೆ ಕೆಲವರನ್ನು ಆರಿಸುವುದಕ್ಕೆ, ಯಾರದೋ ದಾಂಪತ್ಯ ಸರಿಪಡಿಸುವುದಕ್ಕಲ್ಲ. ಅಷ್ಟೆಲ್ಲ ವೈದ್ಯಕೀಯ ವ್ಯವಸ್ಥೆ ಇರುವ ಅಲ್ಲಿಯೂ 2022ರ ಫೆಬ್ರುವರಿಯಲ್ಲಿ ಆ ವಾರ ಮುಗಿಸಿದ ಕೆಲವೇ ಗಂಟೆಗಳಲ್ಲಿ ಒಬ್ಬ ಅಭ್ಯರ್ಥಿ ಪ್ರಾಣ ಬಿಟ್ಟ. ವೈದ್ಯಕೀಯ ನಿಗಾ ಸಾಲದಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಂತು.

ಹಾಗಾದರೆ ವೈದ್ಯರೇ ಇಲ್ಲದ ಕಡೆ? 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಅರಿಜೋನಾದ ಸೆಡೋನಾ ಬಳಿ ಜೇಮ್ಸ್ ಆರ್ಥರ್ ರೇ ಎಂಬ ಸ್ವಸಹಾಯ ಗುರು ‘ಆಧ್ಯಾತ್ಮಿಕ ಯೋಧ’ ಎಂಬ ಶಿಬಿರ ನಡೆಸಿದ. ಶುಲ್ಕ 9,000 ಡಾಲರಿಗೂ ಮೇಲೆ. ಉಪವಾಸದ ಬಳಿಕ ಹತ್ತಾರು ಮಂದಿಯನ್ನು ಮುಚ್ಚಿದ ಗುಡಾರದಲ್ಲಿ ಕಾದ ಕಲ್ಲುಗಳ ಬಿಸಿಯಲ್ಲಿ ಕೂರಿಸಿದ. ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ, ಆದರೆ ಸಾಯುವುದಿಲ್ಲ ಎಂಬರ್ಥದ ಮಾತನ್ನು ಅವನು ಮೊದಲೇ ಹೇಳಿದ್ದ. ದೇಹ ಕೊಡುವ ಎಚ್ಚರಿಕೆಯನ್ನು ದೌರ್ಬಲ್ಯವೆಂದು ಬಗೆದು ತಡೆದುಕೊಂಡವರಲ್ಲಿ ಮೂವರು ತೀರಿಕೊಂಡರು. 2011ರಲ್ಲಿ ನ್ಯಾಯಾಲಯ ಅವನನ್ನು ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಅಪರಾಧಿ ಎಂದು ಘೋಷಿಸಿ ಎರಡು ವರ್ಷದ ಸೆರೆ ವಿಧಿಸಿತು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಲ್ಲಿ, ಅಭ್ಯಾಸವಿಲ್ಲದ ದೇಹವನ್ನು ನಿದ್ದೆಗೆಡಿಸಿ ಒಮ್ಮೆಲೇ ದಣಿಸಿದರೆ ಉಷ್ಣಾಘಾತವಾಗಬಹುದು. ಸ್ನಾಯುಗಳು ಒಡೆದು ಅದರ ಕಸ ರಕ್ತಕ್ಕೆ ಸೇರಿ ಮೂತ್ರಪಿಂಡ ಕೈಕೊಡಬಹುದು. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಅದು ತುರ್ತು ಚಿಕಿತ್ಸೆಯ ಲಕ್ಷಣ, ತಡೆದುಕೊಳ್ಳುವ ವಿಷಯವಲ್ಲ. ‘ಏನಾದರೂ ಆದರೆ ನಾನೇ ಹೊಣೆ’ ಎಂದು ಬರೆಸಿಕೊಂಡ ಕಾಗದ ನಿರ್ಲಕ್ಷ್ಯದ ಅಪರಾಧದಿಂದ ಸಂಘಟಕರನ್ನು ಪಾರು ಮಾಡುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಹೋಗಿ ಬಂದವರೆಲ್ಲ ಹೊಗಳುತ್ತಾರಲ್ಲ ಎಂದು ಕೇಳುವವರಿದ್ದಾರೆ. ಹೌದು, ಹೊಗಳುತ್ತಾರೆ, ಅದೂ ಮನಸಾರೆ. 1959ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದ್ದರು. ಚರ್ಚಾ ಗುಂಪೊಂದಕ್ಕೆ ಸೇರಲು ಕೆಲವು ವಿದ್ಯಾರ್ಥಿನಿಯರು ಮುಜುಗರದ ಮಾತುಗಳನ್ನು ಪ್ರಯೋಗ ನಡೆಸುವವನ ಎದುರು ಗಟ್ಟಿಯಾಗಿ ಓದಬೇಕಿತ್ತು, ಇನ್ನು ಕೆಲವರಿಗೆ ಆ ಕಷ್ಟವಿರಲಿಲ್ಲ. ಆಮೇಲೆ ಎಲ್ಲರಿಗೂ ಬೇಕೆಂದೇ ನೀರಸವಾಗಿ ಮಾಡಿದ ಚರ್ಚೆಯ ಧ್ವನಿಮುದ್ರಣ ಕೇಳಿಸಲಾಯಿತು. ಹೆಚ್ಚು ಮುಜುಗರಪಟ್ಟು ಸೇರಿದವರೇ ಆ ಚರ್ಚೆಯನ್ನು ಹೆಚ್ಚು ಮೆಚ್ಚಿದರು. ಕಷ್ಟಪಟ್ಟು ಪಡೆದದ್ದು ಸಪ್ಪೆ ಎಂದು ಒಪ್ಪಿಕೊಳ್ಳುವುದು ಮನಸ್ಸಿಗೆ ಬಹಳ ಭಾರ. ಒಂದೂಕಾಲು ಲಕ್ಷ ಕೊಟ್ಟು, ಕೆಸರಿನಲ್ಲಿ ಬಿದ್ದು, ಜನರೆದುರು ಅತ್ತವನಿಗೆ ಆ ಭಾರ ಇನ್ನೆಷ್ಟಿರಬೇಡ? ಅವನ ಹೊಗಳಿಕೆ ಸುಳ್ಳಲ್ಲ, ಶಿಬಿರದ ಗುಣಕ್ಕೆ ಸಾಕ್ಷಿಯೂ ಅಲ್ಲ. ಅದನ್ನು ಚಿತ್ರೀಕರಿಸುವ ಹೊತ್ತನ್ನೂ ಗಮನಿಸಿ: ಕೊನೆಯ ದಿನ, ನಿದ್ದೆಯಿಲ್ಲದ ಕಣ್ಣು, ಸಂಗಡಿಗರ ಅಪ್ಪುಗೆ. ಆರು ತಿಂಗಳ ನಂತರ ಅವನ ಅಂಗಡಿ, ಸಾಲ, ಸಂಸಾರ ಹೇಗಿವೆ ಎಂದು ಕೇಳುವ ವಿಡಿಯೊ ಸಿಗುವುದಿಲ್ಲ. ಅದೇ ಕೊನೆಯ ದಿನ ಮುಂದಿನ ಹಂತದ ಸದಸ್ಯತ್ವವನ್ನೂ ಮುಂದಿಡುತ್ತಾರೆ.

ಈ ಮಾರಾಟ ಬಳಸಿಕೊಳ್ಳುವ ಹಸಿವು ಮಾತ್ರ ಸುಳ್ಳಲ್ಲ. ಗಂಡಸರಿಗೆ ಸೇರಲು ಜಾಗ ಬೇಕು, ಬೈದರೂ ಹಿತ ಬಯಸುವ ಹಿರಿಯನೊಬ್ಬ ಬೇಕು. ನಮ್ಮ ಕಡೆಯ ಗರಡಿ ಮನೆಗಳಲ್ಲಿ ಇದು ಇತ್ತು, ಕೆಲವೆಡೆ ಈಗಲೂ ಇದೆ. ಗರಡಿಯ ಗುರುವಾದ ವಸ್ತಾದ ವರ್ಷಗಟ್ಟಲೆ ಕಣ್ಣಿಟ್ಟು, ದೇಹ ನೋಡಿ, ಇವತ್ತು ಇಷ್ಟೇ ಸಾಮು ಸಾಕು ಎಂದು ನಿಲ್ಲಿಸುತ್ತಾನೆ. ಜಾತ್ರೆಯ ಕುಸ್ತಿಯಲ್ಲಿ ಸೋತ ಪೈಲ್ವಾನ ಮರುವರ್ಷ ಮತ್ತೆ ಕಣಕ್ಕಿಳಿಯುತ್ತಾನೆ, ಸೋತದ್ದಕ್ಕೆ ಅವನ ಗಂಡಸುತನ ಹೋಯಿತೆಂದು ಊರು ಹೇಳುವುದಿಲ್ಲ. ಗರಡಿಯ ಬಾಗಿಲು ಎಲ್ಲ ಜಾತಿಯವರಿಗೂ ಎಲ್ಲ ಕಾಲಕ್ಕೂ ಸಮನಾಗಿ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಅಲ್ಲಿ ಕೆಮ್ಮಣ್ಣಿಗೆ ಕಂತಿನ ಸಾಲ ಇರಲಿಲ್ಲ. ಬದುಕಿನ ದಾರಿ ಹೇಳುವ ಮಾತು ಬೇಕೆನ್ನುವವರಿಗೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಇದ್ದರು. ಊರೂರಿನಲ್ಲಿ ನಸುಕಿನ ಹೊತ್ತು ಅವರ ಪ್ರವಚನಕ್ಕೆ ಸಾವಿರಾರು ಜನ ಸೇರುತ್ತಿದ್ದರು. ಟಿಕೆಟ್ ಇರಲಿಲ್ಲ, ಅವರ ಅಂಗಿಗೆ ಜೇಬೂ ಇರಲಿಲ್ಲ. 2018ರಲ್ಲಿ ಪದ್ಮಶ್ರೀಯನ್ನೂ ಬೇಡವೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ವಿಜಯಪುರದ ರಸ್ತೆಗಳು ಜನರಿಂದ ತುಂಬಿಹೋಗಿದ್ದವು. ಮನಸ್ಸಿಗೆ ನಿಜವಾಗಿಯೂ ಕತ್ತಲು ಕವಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇಲ್ಲಿಂದ ದೂರವಿಲ್ಲ.

ಹಣ ಈಗಾಗಲೇ ಕೊಟ್ಟವರಿಗೆ ಕಾನೂನಿನ ದಾರಿ ಇದೆ, ಜನ ಅಂದುಕೊಂಡದ್ದಕ್ಕಿಂತ ಅದು ಗಟ್ಟಿಯಾಗಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಪ್ರಚಾರ ಮಾಡಿದ ಖ್ಯಾತನಾಮರಿಗೂ ಇದು ಅನ್ವಯ. 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿ ಆನ್‌ಲೈನ್ ಮಾರಾಟದ 13 ಬಗೆಯ ಕುಟಿಲ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಸೀಟು ಮುಗಿಯುತ್ತಿದೆ ಎಂಬ ಸುಳ್ಳು ಅವಸರ ಅದರಲ್ಲಿದೆ. ಭಯ, ನಾಚಿಕೆ, ಅಪಹಾಸ್ಯ ಅಥವಾ ತಪ್ಪಿತಸ್ಥ ಭಾವ ಹುಟ್ಟಿಸಿ ಕೊಳ್ಳುವಂತೆ ದೂಡುವುದೂ ಅದರಲ್ಲಿದೆ. ಅಂದರೆ ಈ ವ್ಯಾಪಾರದ ಮೂಲ ಹತಾರವನ್ನೇ ನಿಯಮ ಗುರುತಿಸಿದೆ. 2024ರ ನವೆಂಬರ್‌ನ ಕೋಚಿಂಗ್ ಜಾಹೀರಾತು ಮಾರ್ಗಸೂಚಿ ಆಪ್ತಸಮಾಲೋಚನೆ ಮತ್ತು ಕ್ರೀಡೆಯನ್ನು ಹೊರಗಿಟ್ಟಿರುವುದರಿಂದ ಶಿಬಿರದವರು ತಮ್ಮದು ಆ ಗುಂಪಿಗೆ ಸೇರಿದ್ದು ಎಂದು ವಾದಿಸಬಹುದು. ಆದರೆ ಮೂಲ ಕಾಯ್ದೆ ಹಣ ಪಡೆದು ಕೊಡುವ ಸೇವೆಗಳನ್ನು ಒಳಗೊಳ್ಳುತ್ತದೆ, ಹೆಸರು ಬದಲಿಸಿ ಅದರಿಂದ ತಪ್ಪಿಸಿಕೊಳ್ಳಲಾಗದು.

ಇಷ್ಟಿದ್ದೂ ದೂರುಗಳು ಬರುವುದು ವಿರಳ. ಗ್ರಾಹಕ ಆಯೋಗದ ಮುಂದೆ ನಿಂತು ‘ಗಂಡಸಾಗಲು ಹಣ ಕೊಟ್ಟೆ, ಮೋಸ ಹೋದೆ’ ಎಂದು ಹೇಳಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಮಾರಾಟಗಾರ ನೆಚ್ಚಿಕೊಂಡಿರುವುದು ಈ ಹಿಂಜರಿಕೆಯನ್ನೇ. ಆದ್ದರಿಂದ ದೂರನ್ನು ಗಂಡಸುತನದ ಭಾಷೆಯಲ್ಲಿ ಬರೆಯುವ ಅಗತ್ಯವೇ ಇಲ್ಲ. ಇಂಥ ಸೇವೆಗೆ ಇಷ್ಟು ಹಣ, ಹೇಳಿದ್ದು ಇದು, ಕೊಟ್ಟದ್ದು ಇದು, ಅಷ್ಟೇ ಸಾಕು. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳಬಹುದು. ಮುಂಬೈಯದೋ ಬೆಂಗಳೂರಿನದೋ ಸಂಸ್ಥೆಯಾದರೂ ದೂರುದಾರ ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಅರ್ಜಿ ಹಾಕಲು ಅವಕಾಶವಿದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಗಡುವು ಎರಡು ವರ್ಷ. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್ ಸಂದೇಶಗಳು, ಹಣ ಕಳಿಸಿದ ದಾಖಲೆ, ಜಿಎಸ್‌ಟಿ ಬಿಲ್, ಸಾಲದ ಕರಾರು ಇವಿಷ್ಟನ್ನೂ ಇಂದೇ ಒಂದು ಕಡೆ ತೆಗೆದಿಡಿ. ದೂರು ಕೊಡುತ್ತೇನೆ ಎಂದ ಕೂಡಲೇ ಶಿಬಿರದ ವಾಟ್ಸ್‌ಆ್ಯಪ್ ಗುಂಪಿನಿಂದ ನಿಮ್ಮನ್ನು ಹೊರಹಾಕಬಹುದು, ಅದರೊಂದಿಗೆ ಅಲ್ಲಿ ಬರುವ ಮುಂದಿನ ಸಂದೇಶಗಳೂ ನಿಮಗೆ ಸಿಗದಂತಾಗುತ್ತವೆ.